ಕಿಡ್ನಿ ಊದಿಕೊಂಡಾಗ: ಆಪರೇಷನ್‌ಗೆ ಮೊದಲಿನ ಮಾತು, ಆಮೇಲಿನ ಮಾತು

ಮೈಸೂರಿನ ಯಾವುದಾದರೂ ದೊಡ್ಡ ಸರ್ಕಲ್‌ನಲ್ಲಿ ನಿಂತು ಕತ್ತೆತ್ತಿ ನೋಡಿ. ಒಂದಲ್ಲ ಒಂದು ಆಸ್ಪತ್ರೆಯ ಬೋರ್ಡು ಕಾಣುತ್ತದೆ. ಕೀಹೋಲ್ ಸರ್ಜರಿ, ಲೇಸರ್, ಈಗೀಗ ರೋಬೋಟ್. ಮಂಡ್ಯ, ಮದ್ದೂರಿನ ಕಡೆ ಹೆದ್ದಾರಿ ಪಕ್ಕದಲ್ಲೂ ಇವೇ ಬೋರ್ಡುಗಳು. ಇದರಿಂದ ಒಂದು ಉಪಕಾರವೂ ಆಗಿದೆ. ಹೊಟ್ಟೆ ಅಗಲಕ್ಕೆ ಕೊಯ್ಯದೆಯೂ ಆಪರೇಷನ್ ಮಾಡಬಹುದು ಅನ್ನೋದು ಹಳ್ಳಿಹಳ್ಳಿಗೂ ಗೊತ್ತಾಗಿದೆ. ತೊಂದರೆ ಏನೆಂದರೆ, ನಾವು ಡಾಕ್ಟರ್ ಹತ್ತಿರ ಕೇಳುವ ಪ್ರಶ್ನೆಗಳೂ ಬೋರ್ಡಿನಲ್ಲಿ ಇರುವಷ್ಟೇ ಆಗಿಬಿಟ್ಟಿವೆ. ಎಷ್ಟು ತೂತು ಹಾಕ್ತೀರಿ? ಎಷ್ಟು ದಿನಕ್ಕೆ ಮನೆಗೆ ಕಳಿಸ್ತೀರಿ? ರೋಬೋಟ್ ಇದೆಯಾ?

ಕಿಡ್ನಿಯಿಂದ ಮೂತ್ರನಾಳ ಹೊರಡುವ ಜಾಗದಲ್ಲೇ ಅಡ್ಡಿಯಾಗುವ ಒಂದು ಕಾಯಿಲೆ ಇದೆ. ಡಾಕ್ಟರುಗಳ ಬಾಯಲ್ಲಿ ಅದು ಪಿಯುಜೆ ಅಬ್‌ಸ್ಟ್ರಕ್ಷನ್. ಮನೆಯವರ ಬಾಯಲ್ಲಿ 'ಕಿಡ್ನಿ ಪೈಪ್ ಬ್ಲಾಕ್', 'ಕಿಡ್ನಿಯಲ್ಲಿ ನೀರು ತುಂಬಿದೆ'. ಇದಕ್ಕೆ ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್ ಹೊಸದೇನಲ್ಲ. ಶುರುವಾಗಿ 30 ವರ್ಷ ದಾಟಿದೆ. ಫಲಿತಾಂಶದ ಬಗ್ಗೆ ದೊಡ್ಡ ತಕರಾರೂ ಉಳಿದಿಲ್ಲ. ನನಗೆ ಕಂಡಂತೆ ನಮ್ಮ ಕಡೆಯ ರೋಗಿಗಳಿಗೆ ನಷ್ಟ ಆಗುವುದು ಆಪರೇಷನ್ ಥಿಯೇಟರಿನ ಹೊರಗೆ. ಒಂದು, ಮೊದಲೇ ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಅಂತಲೋ ಕಲ್ಲು ಅಂತಲೋ ಮಾತ್ರೆ ನುಂಗುತ್ತಾ ಕೂತಾಗ. ಎರಡು, ಆಪರೇಷನ್ ಆದ ಮೇಲೆ ಒಳಗೆ ಬಿಟ್ಟ ಸ್ಟೆಂಟ್ ಅನ್ನೋ ಸಣ್ಣ ನಳಿಗೆಯನ್ನು ಮರೆತಾಗ. ಈ ಎರಡರ ಬಗ್ಗೆ ಯಾವ ಬೋರ್ಡೂ ಹೇಳುವುದಿಲ್ಲ.

ತೂಬು ಕಿರಿದಾದರೆ

ಮಂಡ್ಯದವರಿಗೆ ಇದನ್ನು ಹೇಳುವುದು ಸುಲಭ. ಕೆರೆ ಇದೆ, ತೂಬು ಇದೆ, ತೂಬಿನ ಕೆಳಗೆ ನಾಲೆ ಇದೆ. ಕೆರೆಯೂ ಚೆನ್ನಾಗಿದೆ, ನಾಲೆಯೂ ಚೆನ್ನಾಗಿದೆ, ತೂಬು ಮಾತ್ರ ಕಿರಿದು. ಸಾಧಾರಣ ದಿನಗಳಲ್ಲಿ ಹೇಗೋ ನಡೆದುಹೋಗುತ್ತದೆ. ನೀರು ಜಾಸ್ತಿ ಬಂದ ದಿನ ಕೆರೆ ಉಬ್ಬುತ್ತದೆ.

ಕಿಡ್ನಿ ಸೋಸಿದ ಮೂತ್ರ ಮೊದಲು ಬಂದು ಸೇರುವ ಚೀಲದಂಥ ಭಾಗಕ್ಕೆ ಪೆಲ್ವಿಸ್ ಅನ್ನುತ್ತಾರೆ. ಆರೋಗ್ಯವಂತರಲ್ಲಿ ಅದು ಹಿಡಿಯುವುದು 5ರಿಂದ 10 ಮಿ.ಲೀ. ಅಷ್ಟೇ, ಒಂದೆರಡು ಟೀ ಚಮಚದಷ್ಟು. ಅಲ್ಲಿಂದ ಮೂತ್ರಕೋಶದವರೆಗೆ 25ರಿಂದ 30 ಸೆಂ.ಮೀ. ಉದ್ದದ ಮೂತ್ರನಾಳ. ಪೆಲ್ವಿಸ್ ಮತ್ತು ಮೂತ್ರನಾಳ ಕೂಡುವ ಜಾಗ ಕಿರಿದಾಗಿದ್ದರೆ ಆ ಪುಟ್ಟ ಚೀಲ ಹಿಗ್ಗಿ ಹಿಗ್ಗಿ ನೂರಾರು ಮಿ.ಲೀ. ಹಿಡಿಯುವ ಮಟ್ಟಕ್ಕೆ ಬರುತ್ತದೆ. ಒಳಗಿನ ಒತ್ತಡಕ್ಕೆ ಕಿಡ್ನಿಯ ಮಾಂಸದ ಪದರ ತೆಳುವಾಗುತ್ತಾ ಹೋಗುತ್ತದೆ. ಕೆಲಸ ಮಾಡುವುದು ಆ ಪದರವೇ. ಅದು ತೆಳುವಾದಷ್ಟೂ ಕಿಡ್ನಿ ಸೋಲುತ್ತದೆ.

ಹೆಚ್ಚಿನವರಲ್ಲಿ ಇದು ಹುಟ್ಟಿನಿಂದಲೇ ಬಂದದ್ದು. ಸಾವಿರದಿಂದ ಒಂದೂವರೆ ಸಾವಿರ ಮಕ್ಕಳಲ್ಲಿ ಒಂದಕ್ಕೆ ಇರುತ್ತದೆ ಅನ್ನೋದು ಸಾಮಾನ್ಯ ಲೆಕ್ಕ. ಹೆಣ್ಣು ಮಕ್ಕಳಿಗಿಂತ ಗಂಡು ಮಕ್ಕಳಲ್ಲಿ ಜಾಸ್ತಿ, ಬಲಕ್ಕಿಂತ ಎಡಗಡೆ ಜಾಸ್ತಿ. ಮೂತ್ರನಾಳ ಸುಮ್ನೆ ಒಂದು ಪೈಪ್ ಅಲ್ಲ. ಅದರ ಗೋಡೆಯ ಸ್ನಾಯು ಅಲೆಅಲೆಯಾಗಿ ಹಿಂಡಿ ಮೂತ್ರವನ್ನು ಕೆಳಗೆ ತಳ್ಳುತ್ತದೆ. ಕೂಡುವ ಜಾಗದ ಚೂರು ಭಾಗದಲ್ಲಿ ಈ ಹಿಂಡುವ ಶಕ್ತಿ ಇಲ್ಲದಿದ್ದರೆ, ನೋಡೋಕೆ ದಾರಿ ಇದ್ದರೂ ಮೂತ್ರ ಮುಂದೆ ಹೋಗುವುದಿಲ್ಲ. ಇನ್ನು ಕೆಲವರಲ್ಲಿ ಕಿಡ್ನಿಯ ಕೆಳಭಾಗಕ್ಕೆ ಹೋಗುವ ಒಂದು ಹೆಚ್ಚುವರಿ ರಕ್ತನಾಳ ಸರಿಯಾಗಿ ಆ ಜಾಗದ ಮೇಲೇ ಅಡ್ಡ ಹಾದಿರುತ್ತದೆ. ಹದಿಹರೆಯ ಕಳೆದ ಮೇಲೆ ನೋವು ಶುರುವಾದವರಲ್ಲಿ ಈ ರಕ್ತನಾಳದ್ದೇ ಕಾಟ ಹೆಚ್ಚು. ಹಳೆಯ ಕಲ್ಲು, ಹಿಂದಿನ ಆಪರೇಷನ್ನಿನ ಗಾಯದ ಕಲೆ, ಇವುಗಳಿಂದಲೂ ದಾರಿ ಕಟ್ಟಿಕೊಳ್ಳಬಹುದು.

ನೀರು ಕುಡಿದರೆ ನೋವು

ಪಕ್ಕೆಯಲ್ಲಿ ನೋವು ಅಂದರೆ ನಮ್ಮಲ್ಲಿ ಎರಡೇ ಉತ್ತರ. ಊಟ ಸರಿಹೋಗಿಲ್ಲ, ಗ್ಯಾಸು. ಇಲ್ಲಾಂದ್ರೆ ಕಲ್ಲು. ಕಲ್ಲಿಗೆ ಮನೆಮದ್ದು ಎಲ್ಲರಿಗೂ ಬಾಯಿಪಾಠ: ಬಾಳೆದಿಂಡಿನ ರಸ, ಹುರುಳಿ ಕಟ್ಟು, ಬಾರ್ಲಿ ನೀರು. ಮದ್ದೂರು ಪಕ್ಕದಲ್ಲೇ ಇರುವಾಗ ಎಳನೀರಿಗಂತೂ ಬರವಿಲ್ಲ. 'ನೀರು ಚೆನ್ನಾಗಿ ಕುಡಿ, ತಾನಾಗೇ ಹೋಗುತ್ತೆ' ಅಂತ ಅಜ್ಜಿಯೂ ಹೇಳುತ್ತಾರೆ, ಮೆಡಿಕಲ್ ಸ್ಟೋರಿನವರೂ ಹೇಳುತ್ತಾರೆ. ಸಣ್ಣ ಕಲ್ಲಿಗೆ ನೀರು ಕುಡಿಯುವುದು ಒಳ್ಳೆಯ ಮಾತೇ.

ಪಿಯುಜೆ ತೊಂದರೆಯಲ್ಲಿ ಇದೇ ಉಲ್ಟಾ ಹೊಡೆಯುತ್ತದೆ. ಒಂದೇ ಸಲ ಜಾಸ್ತಿ ನೀರು ಕುಡಿದರೆ ಮೂತ್ರ ಜಾಸ್ತಿ ಬರುತ್ತದೆ, ಕಿರಿದಾದ ದಾರಿಯಲ್ಲಿ ಅಷ್ಟೂ ಇಳಿಯುವುದಿಲ್ಲ, ಪೆಲ್ವಿಸ್ ಉಬ್ಬಿ ನೋವು ಕೀಳುತ್ತದೆ. ಜೊತೆಗೆ ಹೊಟ್ಟೆ ತೊಳಸು, ವಾಂತಿ. ಒಂದೆರಡು ಗಂಟೆಯಲ್ಲಿ ಮೂತ್ರ ಇಳಿದ ಹಾಗೆ ನೋವೂ ಇಳಿಯುತ್ತದೆ. ವಾಂತಿ ಆಯಿತಲ್ಲ, ಗ್ಯಾಸೇ ಇರಬೇಕು ಅಂತ ಎಲ್ಲರೂ ಸಮಾಧಾನ ಆಗುತ್ತಾರೆ. ಬಿಯರ್ ಕುಡಿದರೆ ಕಲ್ಲು ಕರಗುತ್ತೆ ಅನ್ನೋ ಮಾತು ನಮ್ಮ ಹುಡುಗರಲ್ಲಿ ಬಹಳ ಜನಪ್ರಿಯ. ಎರಡು ಬಾಟಲಿ ಇಳಿಸಿದ ರಾತ್ರಿಯೇ ಪಕ್ಕೆ ಹಿಡಿದುಕೊಂಡು ಆಸ್ಪತ್ರೆ ಸೇರಿದ ಹುಡುಗನ ವಿಷಯದಲ್ಲಿ ಯುರಾಲಜಿಸ್ಟ್‌ಗಳು ಮೊದಲು ಅನುಮಾನಿಸುವುದರಲ್ಲಿ ಪಿಯುಜೆಯೂ ಒಂದು. ಬಿಯರ್ ಕಲ್ಲು ಕರಗಿಸುವ ಮದ್ದಲ್ಲ. ಮೂತ್ರ ಹೆಚ್ಚಿಸುವ ಯಾವುದೇ ಪಾನೀಯ ಇಲ್ಲಿ ಮಾಡುವುದು ಪೆಲ್ವಿಸ್ ಉಬ್ಬಿಸುವ ಕೆಲಸವನ್ನೇ.

ಪಾಂಡವಪುರ ಕಡೆಯ ಪರಿಚಯದ ಹುಡುಗನೊಬ್ಬನ ಫೈಲು ನೋಡಿದ್ದೆ. ಫೈಲು ಅಂದರೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಒಳಗೆ ಸುರುಳಿ ಸುತ್ತಿಕೊಂಡ ಚೀಟಿಗಳು. ಒಂದೊಂದರಲ್ಲೂ ಗ್ಯಾಸಿನ ಮಾತ್ರೆ, ನೋವಿನ ಮಾತ್ರೆ, ಮತ್ತೆ ಗ್ಯಾಸಿನ ಮಾತ್ರೆ. ನಡುವೆ ಒಂದು ಸ್ಕ್ಯಾನಿಂಗ್ ರಿಪೋರ್ಟು. ಎಡ ಕಿಡ್ನಿ ಊದಿಕೊಂಡಿದೆ, ಕಲ್ಲು ಕಾಣಲಿಲ್ಲ ಅಂತ ಇಂಗ್ಲಿಷಿನಲ್ಲಿ ಬರೆದಿದೆ. ಮನೆಯವರಿಗೆ ಅರ್ಥವಾದದ್ದು ಎರಡನೇ ಅರ್ಧ ಮಾತ್ರ. ಕಲ್ಲಿಲ್ಲವಂತೆ, ಸದ್ಯ! ಆ ರಿಪೋರ್ಟು ಮತ್ತೆ ಕವರಿನೊಳಗೆ ಹೋಯಿತು. ನನಗೆ ಕೇಳಿದರೆ ಆ ವಾಕ್ಯದಲ್ಲಿ ಭಯಪಡಬೇಕಾದದ್ದು ಇದ್ದದ್ದೇ ಅಲ್ಲಿ. ಕಲ್ಲಿಲ್ಲದೆ ಕಿಡ್ನಿ ಊದಿಕೊಂಡಿದ್ದರೆ ಮತ್ತೆ ಯಾಕೆ ಊದಿಕೊಂಡಿದೆ ಅಂತ ಯಾರಾದರೂ ಕೇಳಬೇಕಿತ್ತು.

ಕಲ್ಲೂ ಇದ್ದು ಪಿಯುಜೆ ಅಡ್ಡಿಯೂ ಇದ್ದರೆ ವಿಷಯ ಇನ್ನೂ ಗೋಜಲು. ಮೂತ್ರ ನಿಂತಲ್ಲಿ ಕಲ್ಲು ಕಟ್ಟುತ್ತದೆ. ಈ ತೊಂದರೆ ಇರುವ ಐವರಲ್ಲಿ ಸುಮಾರು ಒಬ್ಬರಿಗೆ ಕಲ್ಲೂ ಇರುತ್ತದೆ. ಅಂಥವರಿಗೆ ಹೊರಗಿನಿಂದ ತರಂಗ ಬಿಟ್ಟು ಕಲ್ಲು ಪುಡಿ ಮಾಡಿದರೆ ಪ್ರಯೋಜನ ಇಲ್ಲ. ಪುಡಿ ಇಳಿಯೋಕೆ ದಾರಿಯೇ ಇಲ್ಲವಲ್ಲ! ಕಲ್ಲು ತೆಗೆದು ದಾರಿ ಸರಿಮಾಡದೆ ಬಿಟ್ಟರೆ ಮತ್ತೆ ಕಲ್ಲಾಗುತ್ತದೆ. ಅದೇ ಕಡೆ ಮತ್ತೆ ಮತ್ತೆ ಕಲ್ಲು ಬರುತ್ತಿರುವವರು ಒಮ್ಮೆಯಾದರೂ 'ಪಿಯುಜೆ ಸರಿ ಇದೆಯಾ ನೋಡಿ ಸರ್' ಅಂತ ಕೇಳುವುದು ತಪ್ಪೇನಲ್ಲ.

ರಕ್ತ ಪರೀಕ್ಷೆ ಇನ್ನೊಂದು ಮೋಸ. ಕ್ರಿಯಾಟಿನಿನ್ ನಾರ್ಮಲ್ ಬಂತು, ಆದ್ದರಿಂದ ಕಿಡ್ನಿ ಸರಿ ಇದೆ ಅನ್ನೋದು ನಮ್ಮಲ್ಲಿ ಗಟ್ಟಿ ನಂಬಿಕೆ. ಒಂದು ಕಿಡ್ನಿ ಚೆನ್ನಾಗಿದ್ದರೆ ಸಾಕು, ಕ್ರಿಯಾಟಿನಿನ್ ನಾರ್ಮಲ್ಲೇ ಬರುತ್ತದೆ. ಒಂದು ಕಿಡ್ನಿ ದಾನ ಮಾಡಿದವರು ಆರೋಗ್ಯವಾಗಿ ಬದುಕುವುದೂ ಇದೇ ಕಾರಣಕ್ಕೆ. ಹಾಗಾಗಿ ಎಡ ಕಿಡ್ನಿ ಪೂರ್ತಿ ಸೋತುಹೋಗುವವರೆಗೂ ರಕ್ತ ಪರೀಕ್ಷೆ ತುಟಿ ಬಿಚ್ಚದೇ ಇರಬಹುದು. ಇನ್ನು ಕೆಲವರಿಗೆ ನೋವೇ ಇರುವುದಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಗುತ್ತದೆ.

ಎರಡು ಗೆರೆಗಳ ಪರೀಕ್ಷೆ

ಅಲ್ಟ್ರಾಸೌಂಡ್ ಹೇಳುವುದು ಕಿಡ್ನಿ ಊದಿದೆ ಅಂತ. ಸಿಟಿ ಸ್ಕ್ಯಾನ್ ಹೇಳುವುದು ಎಲ್ಲಿ ಕಟ್ಟಿಕೊಂಡಿದೆ, ಅಡ್ಡ ಹಾದ ರಕ್ತನಾಳ ಇದೆಯಾ ಅಂತ. ಆದರೆ ಆಪರೇಷನ್ ಬೇಕೋ ಬೇಡವೋ ಅನ್ನೋದರಲ್ಲಿ ದೊಡ್ಡ ತೂಕ ಇರುವುದು ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಳೆಯುವ ರೀನೋಗ್ರಾಮ್‌ಗೆ. ಡಿಟಿಪಿಎ ಸ್ಕ್ಯಾನ್, ಇಸಿ ಸ್ಕ್ಯಾನ್ ಅಂತಲೂ ಕರೆಯುತ್ತಾರೆ. ಇದಕ್ಕೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಬೇಕು, ಗಾಮಾ ಕ್ಯಾಮೆರಾ ಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಅದು ಇರುವುದಿಲ್ಲ. ಕೆ.ಆರ್. ಪೇಟೆಯವರೋ ನಾಗಮಂಗಲದವರೋ ಒಂದು ದಿನದ ಕೆಲಸ ಬಿಟ್ಟು ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಹೆಚ್ಚು ಜನ ತಪ್ಪಿಸಿಕೊಳ್ಳುವ ಪರೀಕ್ಷೆ ಇದೇ ಅಂದರೆ ಆಶ್ಚರ್ಯವಿಲ್ಲ.

ಪರೀಕ್ಷೆ ಹೇಗೆ ನಡೆಯುತ್ತೆ ಅಂತ ಗೊತ್ತಿದ್ದರೆ ಭಯ ಕಡಿಮೆ. ಹೋಗುವಾಗ ನೀರು ಕುಡಿದೇ ಹೋಗಬೇಕು. ಖಾಲಿ ಹೊಟ್ಟೆಯಲ್ಲಿ ಬಾಯಾರಿಕೊಂಡು ಹೋದರೆ ಮೂತ್ರವೇ ಸರಿಯಾಗಿ ಬರದೆ ಫಲಿತಾಂಶ ಕೆಡುತ್ತದೆ. ಕೈಗೆ ಸೂಜಿ ಹಾಕಿ ಟೆಕ್ನೀಷಿಯಮ್ ಅನ್ನೋ ವಿಕಿರಣ ವಸ್ತು ಸೇರಿದ ಔಷಧಿಯನ್ನು ಸ್ವಲ್ಪವೇ ಸ್ವಲ್ಪ ಕೊಡುತ್ತಾರೆ. ಅದರ ವಿಕಿರಣ ಆರು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ, ಮೂತ್ರದಲ್ಲೂ ಹೊರಗೆ ಹೋಗುತ್ತದೆ. ರೋಗಿ ಅಲುಗಾಡದೆ ಅಂಗಾತ ಮಲಗಿರಬೇಕು, ಸುಮಾರು ಅರ್ಧ ಗಂಟೆ. ಮಧ್ಯೆ ಲ್ಯಾಸಿಕ್ಸ್ ಇಂಜೆಕ್ಷನ್ ಕೊಡುತ್ತಾರೆ. ಮೂತ್ರ ಜೋರಾಗಿ ಬರಿಸುವ ಔಷಧಿ ಅದು. ಮುಗಿಯುವ ಹೊತ್ತಿಗೆ ಮೂತ್ರ ತಡೆದುಕೊಳ್ಳೋಕಾಗದೆ ಬಾತ್‌ರೂಮಿಗೆ ಓಡುವವರೇ ಎಲ್ಲ. ಬಂದ ಮೇಲೆ ಇನ್ನೊಂದು ಚಿತ್ರ ತೆಗೆಯುತ್ತಾರೆ.

ಕೊನೆಗೆ ಕೈಗೆ ಬರುವ ಕಾಗದದಲ್ಲಿ ಎರಡು ಗೆರೆಗಳು ಇರುತ್ತವೆ, ಒಂದೊಂದು ಕಿಡ್ನಿಗೆ ಒಂದೊಂದು. ಚೆನ್ನಾಗಿರುವ ಕಿಡ್ನಿಯ ಗೆರೆ ಸರ್ರನೆ ಏರಿ ಸರ್ರನೆ ಇಳಿಯುತ್ತದೆ. ಅಡ್ಡಿ ಇರುವ ಕಿಡ್ನಿಯದ್ದು ಏರಿ ಅಲ್ಲೇ ನಿಲ್ಲುತ್ತದೆ, ಲ್ಯಾಸಿಕ್ಸ್ ಕೊಟ್ಟರೂ ಇಳಿಯುವುದಿಲ್ಲ. ಔಷಧಿಯ ಅರ್ಧ ಭಾಗ ಖಾಲಿಯಾಗಲು 10 ನಿಮಿಷಕ್ಕಿಂತ ಕಡಿಮೆ ಹಿಡಿದರೆ ಅಡ್ಡಿ ಇಲ್ಲ, 20 ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಅಡ್ಡಿ ಇರುವ ಸಾಧ್ಯತೆ ಹೆಚ್ಚು. ನಡುವೆ ಬಿದ್ದರೆ ಅನುಮಾನ. ತುಂಬಾ ಊದಿದ ಚೀಲ ಅಡ್ಡಿ ಇಲ್ಲದಿದ್ದರೂ ನಿಧಾನವಾಗಿ ಖಾಲಿಯಾಗುತ್ತದೆ, ಹಾಗಾಗಿ ಈ ಒಂದು ಅಂಕಿ ಹಿಡಿದು ಯಾರೂ ಕತ್ತರಿ ಎತ್ತಬಾರದು. ಅದೇ ಕಾಗದದಲ್ಲಿ ಇನ್ನೊಂದು ಅಂಕಿ ಇರುತ್ತದೆ. ಒಟ್ಟು ಕೆಲಸದಲ್ಲಿ ಎಡದ ಪಾಲು ಎಷ್ಟು, ಬಲದ ಪಾಲು ಎಷ್ಟು. ಸರಿಯಾಗಿದ್ದರೆ ಹೆಚ್ಚುಕಡಿಮೆ ಅರ್ಧರ್ಧ. ಒಂದರ ಪಾಲು ನೂರಕ್ಕೆ 40ಕ್ಕಿಂತ ಕೆಳಗಿದ್ದರೆ, ಇಲ್ಲವೇ ಹಿಂದಿನ ಪರೀಕ್ಷೆಗಿಂತ 5-10 ಅಂಶ ಬಿದ್ದಿದ್ದರೆ ಕಿಡ್ನಿ ಸೋಲುತ್ತಿದೆ ಅಂತ ಅರ್ಥ.

ಆಪರೇಷನ್ ಬೇಕು ಅಂತ ಹೇಳುವುದು ಇಂಥವರಿಗೆ: ನೋವು ಮತ್ತೆ ಮತ್ತೆ ಬರುವವರು, ಚಳಿಜ್ವರದ ಜೊತೆ ಮೂತ್ರದ ಸೋಂಕು ಆಗುವವರು, ಕಲ್ಲು ಕಟ್ಟಿಕೊಂಡವರು, ಕಿಡ್ನಿಯ ಪಾಲು ಇಳಿಯುತ್ತಿರುವವರು. ನೋವಿಲ್ಲ, ಪಾಲು 40ಕ್ಕಿಂತ ಮೇಲಿದೆ, ಊತ ಹೆಚ್ಚುತ್ತಿಲ್ಲ ಅಂದರೆ ಸ್ಕ್ಯಾನ್ ಮಾಡಿಸುತ್ತಾ ಕಾಯಬಹುದು. ಪಾಲು 10-15ಕ್ಕಿಂತ ಕೆಳಗೆ ಹೋಗಿಬಿಟ್ಟಿದ್ದರೆ ಆ ಕಿಡ್ನಿ ಉಳಿಸುವುದರಲ್ಲಿ ಅರ್ಥವಿದೆಯಾ, ತೆಗೆಯುವುದೇ ಮೇಲಾ ಅನ್ನೋ ಚರ್ಚೆ ಬರುತ್ತದೆ. ಕೆಲವೊಮ್ಮೆ ಬೆನ್ನಿನ ಕಡೆಯಿಂದ ಸಣ್ಣ ಟ್ಯೂಬ್ ಹಾಕಿ ಕೆಲವು ವಾರ ಮೂತ್ರ ಹೊರಗೆ ಬಿಟ್ಟು, ಕಿಡ್ನಿ ಚೇತರಿಸಿಕೊಳ್ಳುತ್ತಾ ಅಂತ ನೋಡಿ ಆಮೇಲೆ ನಿರ್ಧಾರ ಮಾಡುತ್ತಾರೆ. ತಡವಾಗಿ ಬಂದವರಿಗೆ ಎಂಥ ಒಳ್ಳೆಯ ರೋಬೋಟ್ ಇದ್ದರೂ ಹೋದ ಪದರ ವಾಪಸ್ ಬರುವುದಿಲ್ಲ.

ಒಳಗೆ ನಡೆಯುವುದೇನು

ಆಪರೇಷನ್ನಿನ ಹೆಸರು ಪೈಲೋಪ್ಲಾಸ್ಟಿ. ಇವತ್ತಿಗೂ ಹೆಚ್ಚಿನವರು ಅನುಸರಿಸುವ ವಿಧಾನವನ್ನು ಇಂಗ್ಲೆಂಡಿನ ಆಂಡರ್ಸನ್ ಮತ್ತು ಹೈನ್ಸ್ ಅನ್ನೋ ಇಬ್ಬರು ಸರ್ಜನ್‌ಗಳು 1949ರಲ್ಲಿ ಪ್ರಕಟಿಸಿದರು. ಕೆಟ್ಟ ತುಂಡನ್ನು ಕತ್ತರಿಸಿ ತೆಗೆಯುವುದು, ಒಳ್ಳೆಯ ಎರಡು ತುದಿಗಳನ್ನು ಅಗಲವಾಗಿ ಸೇರಿಸಿ ಹೊಲಿಯುವುದು. ಆಗ ಪಕ್ಕೆಯಲ್ಲಿ ದೊಡ್ಡ ಗಾಯ ಮಾಡಲೇಬೇಕಿತ್ತು. 1993ರಲ್ಲಿ ಅಮೆರಿಕದ ಎರಡು ತಂಡಗಳು ಇದೇ ಕೆಲಸವನ್ನು ಲ್ಯಾಪರೋಸ್ಕೋಪ್‌ನಲ್ಲಿ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಬಿಟ್ಟು, ಮಾಡಿದ್ದನ್ನು ವರದಿ ಮಾಡಿದವು. ಒಳಗಿನ ಕೆಲಸ ಅದೇ. ಒಳಗೆ ಹೋಗುವ ದಾರಿ ಬೇರೆ.

ರೋಗಿಗೆ ಪೂರ್ತಿ ಅರಿವಳಿಕೆ ಕೊಟ್ಟು, ತೊಂದರೆ ಇರುವ ಪಕ್ಕೆ ಮೇಲೆ ಬರುವ ಹಾಗೆ ಮಗ್ಗುಲಿಗೆ ಮಲಗಿಸುತ್ತಾರೆ. ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಳ್ಳುತ್ತಾರೆ. 5ರಿಂದ 10 ಮಿ.ಮೀ. ಅಳತೆಯ ಮೂರು ತೂತು. ಬಲಗಡೆ ಆದರೆ ಲಿವರ್ ಎತ್ತಿ ಹಿಡಿಯಲು ಇನ್ನೊಂದು ಬೇಕಾಗಬಹುದು. ಕರುಳನ್ನು ಪಕ್ಕಕ್ಕೆ ಸರಿಸಿದರೆ ಊದಿಕೊಂಡ ಪೆಲ್ವಿಸ್ ಟಿವಿ ಪರದೆ ಮೇಲೆ ಕಾಣುತ್ತದೆ. ಅಡ್ಡ ಹಾದ ರಕ್ತನಾಳ ಇದ್ದರೆ ಅದನ್ನು ಕತ್ತರಿಸುವ ಹಾಗಿಲ್ಲ. ಕಿಡ್ನಿಯ ಕೆಳಭಾಗಕ್ಕೆ ರಕ್ತ ಕೊಡುವುದು ಅದೊಂದೇ. ಅದಕ್ಕೇ ಮೂತ್ರನಾಳವನ್ನೇ ಕತ್ತರಿಸಿ, ರಕ್ತನಾಳದ ಮುಂಭಾಗಕ್ಕೆ ತಂದು, ಅಲ್ಲಿ ಹೊಲಿಯುತ್ತಾರೆ.

ನಿಜವಾದ ಪರೀಕ್ಷೆ ಈ ಹೊಲಿಗೆಯಲ್ಲಿ. ಮೂತ್ರನಾಳದ ತುದಿಯನ್ನು ಒಂದೆರಡು ಸೆಂ.ಮೀ. ಉದ್ದಕ್ಕೆ ಸೀಳಿ ಬಾಯಿ ಅಗಲ ಮಾಡಿಕೊಳ್ಳಬೇಕು. ಕೂದಲಿಗಿಂತ ಚೂರು ದಪ್ಪದ, ತಾನೇ ಕರಗುವ ದಾರದಲ್ಲಿ ಮೊದಲು ಹಿಂದಿನ ಗೋಡೆ, ಆಮೇಲೆ ಮುಂದಿನ ಗೋಡೆ. ಎಳೆತ ಇರಬಾರದು, ತಿರುಚಿರಬಾರದು, ಸೋರಬಾರದು. ಇಷ್ಟನ್ನೂ ಉದ್ದನೆಯ ಕಡ್ಡಿಯಂಥ ಉಪಕರಣಗಳ ತುದಿಯಲ್ಲಿ, ಪರದೆ ನೋಡುತ್ತಾ ಮಾಡಬೇಕು. ಹೊಲಿಗೆ ಅರ್ಧ ಆದಾಗ ಒಳಗೆ ಒಂದು ಡಿಜೆ ಸ್ಟೆಂಟ್ ಇಳಿಸುತ್ತಾರೆ. ಒಟ್ಟು ಎರಡರಿಂದ ನಾಲ್ಕು ಗಂಟೆ. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನ. ಹಗುರ ಕೆಲಸಕ್ಕೆ ಎರಡು ವಾರ ಸಾಕು. ಕಬ್ಬು ಕಡಿಯುವುದು, ಮೂಟೆ ಎತ್ತುವುದು ಒಂದೂವರೆ ತಿಂಗಳು ಬೇಡ.

ಗೆಲುವಿನ ಪ್ರಮಾಣ ತೆರೆದ ಆಪರೇಷನ್ನಿನಲ್ಲೂ ಲ್ಯಾಪರೋಸ್ಕೋಪಿಯಲ್ಲೂ ನೂರಕ್ಕೆ 90ಕ್ಕಿಂತ ಮೇಲೆ. ಒಳ್ಳೆಯ ಕೈಗಳಲ್ಲಿ 95ರ ಹತ್ತಿರ. ಲ್ಯಾಪರೋಸ್ಕೋಪಿಯಲ್ಲಿ ನೋವು ಕಡಿಮೆ, ಬೇಗ ಎದ್ದು ಓಡಾಡಬಹುದು. ಹಾಗಂತ ಅಪಾಯ ಇಲ್ಲವೇ ಇಲ್ಲ ಅಂತಲ್ಲ. ಹೊಲಿಗೆಯಿಂದ ಮೂತ್ರ ಸೋರಬಹುದು, ಸೋಂಕಾಗಬಹುದು, ರಕ್ತ ಹೋಗಬಹುದು, ಮಧ್ಯದಲ್ಲೇ ದೊಡ್ಡ ಗಾಯ ಮಾಡಬೇಕಾಗಿ ಬರಬಹುದು. ಹಾಗೆ ಮಾಡುವ ಸರ್ಜನ್ ಸೋತ ಅಂತ ತಿಳಿಯಬೇಡಿ. ಆ ಹೊತ್ತಿಗೆ ಅದೇ ಸರಿ ಅಂತ ಮಾಡಿರುತ್ತಾರೆ.

ರೋಬೋಟ್ ವಿಷಯ. ಮೈಸೂರಿಗೂ ರೋಬೋಟ್ ಬಂದಾಗಿದೆ. ಯಂತ್ರ ತಾನೇ ಆಪರೇಷನ್ ಮಾಡುವುದಿಲ್ಲ. ಸರ್ಜನ್ ಪಕ್ಕದಲ್ಲಿ ಕೂತು ಅದರ ಕೈಗಳನ್ನು ಆಡಿಸುತ್ತಾರೆ. ಆ ಕೈಗಳು ನಮ್ಮ ಮಣಿಕಟ್ಟಿನ ಹಾಗೆ ತಿರುಗುವುದರಿಂದ ಹೊಲಿಗೆ ಹಾಕುವುದು ಸಲೀಸು. ಸರ್ಜನ್‌ಗೆ ಕಲಿಯುವುದೂ ಬೇಗ. ರೋಗಿಯ ಲೆಕ್ಕದಲ್ಲಿ ನೋಡಿದರೆ ಗೆಲುವಿನ ಪ್ರಮಾಣ ಲ್ಯಾಪರೋಸ್ಕೋಪಿಯಷ್ಟೇ, ಬಿಲ್ಲು ಮಾತ್ರ ಜಾಸ್ತಿ. ಇನ್ಶೂರೆನ್ಸ್ ಕೊಡುತ್ತೆ ಅಂದರೆ ಮಾಡಿಸಿಕೊಳ್ಳಿ, ಬೇಡ ಅನ್ನಲ್ಲ. ಒಡವೆ ಅಡವಿಟ್ಟು ರೋಬೋಟ್ ಹುಡುಕಿಕೊಂಡು ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. 'ಈ ಆಪರೇಷನ್ ವರ್ಷಕ್ಕೆ ಎಷ್ಟು ಮಾಡ್ತೀರಿ ಡಾಕ್ಟ್ರೇ?' ಅಂತ ಕೇಳುವುದು ಮಷಿನ್ನಿನ ಹೆಸರು ಕೇಳುವುದಕ್ಕಿಂತ ಹೆಚ್ಚು ಉಪಯೋಗ.

ಲೇಸರ್ ಕೇಳುವವರೂ ಇದ್ದಾರೆ. 'ಸಾ, ಲೇಸರಲ್ಲಿ ಮಾಡಾಕಾಗಕಿಲ್ವಾ? ನಮ್ಮ ಭಾವಂಗೆ ಕಲ್ಲಿಗೆ ಲೇಸರ್ ಮಾಡಿದ್ರು' ಅಂತ ಮಂಡ್ಯ ಕಡೆಯ ಹಿರಿಯರೊಬ್ಬರು ಕೇಳಿದ್ದಕ್ಕೆ ಡಾಕ್ಟರು, 'ಯಜಮಾನ್ರೇ, ಕಲ್ಲು ಬೇರೆ, ಇದು ಬೇರೆ. ಸೀಳಬಹುದು, ಹೊಲಿಯೋಕಾಗಲ್ಲ' ಅಂದರು. ಅಷ್ಟೇ ವಿಷಯ. ಮೂತ್ರದ ದಾರಿಯಿಂದಲೋ ಬೆನ್ನಿನಿಂದಲೋ ಒಳಗೆ ಹೋಗಿ ಕಿರಿದಾದ ಜಾಗವನ್ನು ಸೀಳುವ ವಿಧಾನ ಇದೆ. 1980ರ ದಶಕದಲ್ಲಿ ಬಹಳ ನಡೆಯಿತು. ಪೈಲೋಪ್ಲಾಸ್ಟಿಯಷ್ಟು ಗೆಲ್ಲುವುದಿಲ್ಲ, ಅಡ್ಡ ರಕ್ತನಾಳ ಇದ್ದರೆ ರಕ್ತಸ್ರಾವದ ಅಪಾಯವೂ ಇದೆ. ಈಗ ಒಮ್ಮೆ ಆಪರೇಷನ್ ಆಗಿ ಮತ್ತೆ ಕಟ್ಟಿಕೊಂಡಂಥ ಕೆಲವರಿಗೆ ಮಾತ್ರ ಬಳಸುತ್ತಾರೆ.

ಎಳೆ ಮಕ್ಕಳ ವಿಷಯದಲ್ಲಿ ಕೀಹೋಲ್ ಹುಚ್ಚು ಇನ್ನೂ ಸ್ವಲ್ಪ ಕಡಿಮೆ ಇದ್ದರೆ ಒಳ್ಳೆಯದು. ಕೂಸಿನ ಪಕ್ಕೆಯಲ್ಲಿ ತೆರೆದ ಆಪರೇಷನ್ನಿನ ಗಾಯವೇ ಪುಟ್ಟದು, ಫಲಿತಾಂಶವೂ ಚೆನ್ನಾಗಿದೆ.

ಮಕ್ಕಳಲ್ಲಿ ಇದು ಈಗ ಗೊತ್ತಾಗುವುದೇ ಬಸುರಿಯ ಸ್ಕ್ಯಾನಿಂಗ್‌ನಲ್ಲಿ. 18ರಿಂದ 20 ವಾರದ ಹೊತ್ತಿಗೆ ಮಾಡುವ ಸ್ಕ್ಯಾನ್‌ನಲ್ಲಿ ನೂರಕ್ಕೆ ಒಂದರಿಂದ ಐದು ಕೂಸುಗಳ ಕಿಡ್ನಿ ಊದಿರುವುದು ಕಾಣಬಹುದು. ಅವುಗಳಲ್ಲಿ ಹೆಚ್ಚಿನವು ತಾವಾಗೇ ಸರಿಹೋಗುತ್ತವೆ. ಮಂಡ್ಯದಲ್ಲಿ ಸ್ಕ್ಯಾನಿಂಗ್ ಅನ್ನೋ ಪದಕ್ಕೆ ಬೇರೆಯದೇ ನೆರಳು ಬಿದ್ದಿದೆ. 2023ರ ಕೊನೆಯಲ್ಲಿ ಆಲೆಮನೆಯೊಂದರಲ್ಲಿ ಮಷಿನ್ ಇಟ್ಟುಕೊಂಡು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಿಗೆ ಬಂದದ್ದು ಯಾರೂ ಮರೆತಿಲ್ಲ. ಅದೇ ಮಷಿನ್ನು ನೆಟ್ಟಗೆ ಬಳಸಿದರೆ ಹುಟ್ಟುವ ಮೊದಲೇ ಒಂದು ಕಿಡ್ನಿ ಉಳಿಸುತ್ತದೆ. ರಿಪೋರ್ಟಿನಲ್ಲಿ ಊತ ಅಂತ ಬರೆದಿದ್ದರೆ ಹೆರಿಗೆ ಆದ ಆಸ್ಪತ್ರೆಯಲ್ಲಿ ಅದನ್ನು ತೋರಿಸಬೇಕು. ಹುಟ್ಟಿದ ಮೊದಲೆರಡು ದಿನ ಮಗುವಿಗೆ ಮೂತ್ರ ಕಡಿಮೆ, ಆಗ ಸ್ಕ್ಯಾನ್ ಮಾಡಿದರೆ ಊತ ಇಲ್ಲ ಅಂತ ಬಂದುಬಿಡಬಹುದು. ಅದಕ್ಕೇ ಸಾಮಾನ್ಯವಾಗಿ ಎರಡು ದಿನ ಕಳೆದ ಮೇಲೆ ಮಾಡುತ್ತಾರೆ. ಗಂಡು ಮಗುವಿಗೆ ಎರಡೂ ಕಿಡ್ನಿ ಊದಿದ್ದರೆ ಮಾತ್ರ ಕಾಯುವ ಹಾಗಿಲ್ಲ. ಅದು ಕೆಳಗೆ ಮೂತ್ರದ ದಾರಿಯಲ್ಲೇ ಅಡ್ಡಿ ಇರುವ ಬೇರೆ ಕಾಯಿಲೆ ಆಗಿರಬಹುದು.

ದುಡ್ಡಿನ ದಾರಿ

2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಇಲ್ಲಿ ಜನ ಎಡವುವುದು ರೆಫರಲ್‌ನಲ್ಲಿ. ಖಾಸಗಿ ಆಸ್ಪತ್ರೆಗೆ ನೇರ ಹೋಗಿ ಅಡ್ಮಿಟ್ ಆಗಿ, ಆಮೇಲೆ ಕಾರ್ಡ್ ತೋರಿಸಿದರೆ ಕೆಲಸ ಆಗುವುದಿಲ್ಲ. ತುರ್ತು ಅಲ್ಲದ ಇಂಥ ಆಪರೇಷನ್‌ಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದು ಅಂದರೆ ಪತ್ರ ತೆಗೆದುಕೊಂಡು ಹೋಗಬೇಕು. ಮಂಡ್ಯದವರಿಗೆ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್, ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ ಮೊದಲ ಬಾಗಿಲು. ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿ ಕಿಡ್ನಿ ಮತ್ತು ಮೂತ್ರರೋಗಗಳಿಗೆಂದೇ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆ ಇದೆ. ಡೇರಿಗೆ ಹಾಲು ಹಾಕುವ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಯನ್ನೂ ವಿಚಾರಿಸಬಹುದು. ನಡುವೆ ನಿಂತಿದ್ದ ಆ ಯೋಜನೆ 2022-23ರಲ್ಲಿ ಮತ್ತೆ ಶುರುವಾಯಿತು. ಯಾವ ಆಸ್ಪತ್ರೆಯಲ್ಲಿ ಯಾವ ಆಪರೇಷನ್ ಸಿಗುತ್ತೆ ಅಂತ ಅಡ್ಮಿಟ್ ಆಗುವ ಮೊದಲೇ ಅಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕೇಳಿಕೊಳ್ಳಿ. ಸ್ಟೆಂಟ್ ತೆಗೆಯುವ ಖರ್ಚು ಸೇರಿದೆಯಾ ಅಂತಲೂ ಕೇಳಿ. ಯಾಕೆ ಅಂದರೆ ಮುಂದಿನ ಕಥೆ ಇರುವುದೇ ಅದರಲ್ಲಿ.

ಮರೆತ ಸ್ಟೆಂಟ್

ಡಿಜೆ ಸ್ಟೆಂಟ್ ಮೆತ್ತನೆಯ ಸಣ್ಣ ನಳಿಗೆ. ಜಾರಿ ಹೋಗದಿರಲಿ ಅಂತ ಎರಡೂ ತುದಿ ಸುರುಳಿ ಸುತ್ತಿಕೊಂಡಿರುತ್ತವೆ. ಒಂದು ಸುರುಳಿ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ. ಹೊಲಿಗೆ ಒಣಗುವವರೆಗೆ ಮೂತ್ರಕ್ಕೆ ದಾರಿ ಕೊಡುವುದು ಅದರ ಕೆಲಸ. ನಾಲ್ಕರಿಂದ ಆರು ವಾರಕ್ಕೆ ತೆಗೆಯಬೇಕು. ದೊಡ್ಡವರಿಗಾದರೆ ನೋವು ತಿಳಿಯದ ಹಾಗೆ ಜೆಲ್ಲಿ ಹಾಕಿ, ಮೂತ್ರದ ದಾರಿಯಿಂದ ಸಣ್ಣ ದುರ್ಬೀನು ಬಿಟ್ಟು ಕೆಲವೇ ನಿಮಿಷದಲ್ಲಿ ಎಳೆದುಬಿಡುತ್ತಾರೆ. ಮಕ್ಕಳಿಗೆ ಅರಿವಳಿಕೆ ಕೊಡಬೇಕಾಗುತ್ತದೆ.

ಸ್ಟೆಂಟ್ ಇರುವಷ್ಟು ದಿನ ಪದೇ ಪದೇ ಮೂತ್ರಕ್ಕೆ ಅವಸರ ಆಗುವುದು, ಹೊಯ್ಯುವಾಗ ಪಕ್ಕೆ ಹಿಡಿಯುವುದು, ಜಾಸ್ತಿ ನಡೆದ ದಿನ ಮೂತ್ರ ತಿಳಿಗೆಂಪಾಗುವುದು ಮಾಮೂಲು. ಆಪರೇಷನ್ ಕೆಟ್ಟಿತು ಅಂತ ಗಾಬರಿ ಬೇಡ. ಚಳಿಜ್ವರ ಬಂದರೆ, ರಕ್ತ ಗಡ್ಡೆಗಟ್ಟಿ ಬಂದರೆ ಮಾತ್ರ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಕೆಲವರಿಗೆ ಈ ಕಿರಿಕಿರಿಯೂ ಇರುವುದಿಲ್ಲ. ನನಗೆ ಭಯ ಇರುವುದು ಅವರ ಬಗ್ಗೆ. ನೋವು ಹೋಯಿತು, ಗಾಯ ಮಾಯಿತು, ಅಷ್ಟರಲ್ಲಿ ಕಬ್ಬು ಕಟಾವಿಗೆ ಬಂತು, ಇಲ್ಲವೇ ಮನೆಯಲ್ಲಿ ಮದುವೆ ಬಂತು. ಡಿಸ್ಚಾರ್ಜ್ ಕಾಗದದಲ್ಲಿ ಬರೆದಿರುವುದು ಇಂಗ್ಲಿಷಿನಲ್ಲಿ. ಕೊಟ್ಟಿದ್ದ ಫೋನ್ ನಂಬರು ಮಗನದ್ದು, ಮಗ ಬೆಂಗಳೂರಿನಲ್ಲಿ. ಒಳಗೆ ಏನೋ ಇಟ್ಟಿದ್ದಾರೆ ಅನ್ನೋದೇ ಕೆಲವರಿಗೆ ಗೊತ್ತಿರುವುದಿಲ್ಲ. ಮೂರು ತಿಂಗಳು ದಾಟಿದರೆ ಸ್ಟೆಂಟಿನ ಮೇಲೆ ಉಪ್ಪು ಕಟ್ಟುವ ಅಪಾಯ ಏರುತ್ತಾ ಹೋಗುತ್ತದೆ. ಆರು ತಿಂಗಳು, ವರ್ಷ ಆದರೆ ಎರಡೂ ಸುರುಳಿಗಳ ಸುತ್ತ ಕಲ್ಲು ಬೆಳೆದು ನಳಿಗೆ ಕದಲುವುದೇ ಇಲ್ಲ. ಎಳೆದರೆ ತುಂಡಾಗುತ್ತದೆ. ಆಗ ಮೂತ್ರಕೋಶದ ಕಲ್ಲು ಒಡೆಯಲು ಒಂದು, ಬೆನ್ನಿನಿಂದ ಕಿಡ್ನಿ ಕಲ್ಲು ಒಡೆಯಲು ಇನ್ನೊಂದು ಆಪರೇಷನ್. ಮೂರು ತೂತಿನಲ್ಲಿ ಉಳಿಸಿದ ಕಿಡ್ನಿ ಇದರಲ್ಲಿ ಹೋದದ್ದೂ ಉಂಟು.

ಇದನ್ನು ತಪ್ಪಿಸಲು ದೊಡ್ಡ ಮಷಿನ್ ಏನೂ ಬೇಡ. ಡಿಸ್ಚಾರ್ಜ್ ಕಾಗದದ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದರಾಯಿತು: ಒಳಗೆ ಸ್ಟೆಂಟ್ ಇದೆ, ಇಂಥ ದಿನಾಂಕಕ್ಕೆ ತೆಗೆಯಬೇಕು. ವಾರ್ಡಿನಲ್ಲಿ ಒಂದು ಸ್ಟೆಂಟ್ ರಿಜಿಸ್ಟರ್ ಇಟ್ಟು, ದಿನಾಂಕ ದಾಟಿದವರಿಗೆ ಫೋನ್ ಮಾಡುವ ಪದ್ಧತಿ ಎಷ್ಟೋ ಕಡೆ ಇದೆ. ಎಲ್ಲ ಕಡೆ ಯಾಕಿರಬಾರದು? ಫೋನ್ ಸಿಗದಿದ್ದರೆ ಊರಿನ ಆಶಾ ಕಾರ್ಯಕರ್ತೆಗೆ ಹೇಳಬಹುದು. ಬಾಣಂತಿಯರ, ಟಿಬಿ ರೋಗಿಗಳ ಬೆನ್ನು ಹತ್ತುವ ಅವರಿಗೆ ಇದೊಂದು ಹೆಸರು ಭಾರವಾಗಲಾರದು, ಅದಕ್ಕೂ ಗೌರವಧನ ಕೊಟ್ಟರೆ.

ಸ್ಟೆಂಟ್ ತೆಗೆದ ಮೇಲೂ ಎರಡು ಕೆಲಸ ಬಾಕಿ. ಸುಮಾರು ಮೂರು ತಿಂಗಳಿಗೆ ಒಂದು ಅಲ್ಟ್ರಾಸೌಂಡ್. ಇದು ಮಂಡ್ಯದಲ್ಲೋ ಮಳವಳ್ಳಿಯಲ್ಲೋ ಆಗುತ್ತದೆ. ಅದರಲ್ಲಿ 'ಊತ ಇನ್ನೂ ಇದೆ' ಅಂತ ಬರೆದಿದ್ದರೆ ಕಂಗಾಲಾಗಬೇಡಿ. ವರ್ಷಗಟ್ಟಲೆ ಹಿಗ್ಗಿದ ಚೀಲ ಪೂರ್ತಿ ಕುಗ್ಗುವುದಿಲ್ಲ, ಆಪರೇಷನ್ ಗೆದ್ದವರಲ್ಲೂ ಸ್ವಲ್ಪ ಊತ ಉಳಿಯುತ್ತದೆ. ಮೊದಲಿಗಿಂತ ಕಡಿಮೆಯಾಗಿದೆಯಾ ಅಂತ ನೋಡಬೇಕು, ಅದಕ್ಕೆ ಹಳೆಯ ರಿಪೋರ್ಟ್ ಕೈಯಲ್ಲಿರಬೇಕು. ಮೂರರಿಂದ ಆರು ತಿಂಗಳೊಳಗೆ ಇನ್ನೊಂದು ರೀನೋಗ್ರಾಮ್, ಸಾಧ್ಯವಾದರೆ ಮೊದಲು ಮಾಡಿಸಿದ ಕಡೆಯಲ್ಲೇ, ಅದೇ ಔಷಧಿಯಲ್ಲಿ. ಇಲ್ಲದಿದ್ದರೆ ಎರಡು ಕಾಗದಗಳನ್ನು ಹೋಲಿಸುವುದು ಕಷ್ಟ. ಗೆರೆ ಇಳಿಯುತ್ತಿದೆ, ಕಿಡ್ನಿಯ ಪಾಲು ಬಿದ್ದಿಲ್ಲ ಅಂದರೆ ಆಮೇಲೆ ವರ್ಷಕ್ಕೊಂದು ಅಲ್ಟ್ರಾಸೌಂಡ್ ಸಾಕು. ಮತ್ತೆ ಕಟ್ಟಿಕೊಳ್ಳುವುದಾದರೆ ಹೆಚ್ಚಾಗಿ ಮೊದಲ ಎರಡು ವರ್ಷದೊಳಗೇ ಗೊತ್ತಾಗುತ್ತದೆ, ಕೆಲವರಿಗೆ ನೋವೇ ಇಲ್ಲದೆ.